ಬಿಲ್ಲಿನ ಕ್ಯೂಆರ್ ಬದಲಿಸಲು ಇನ್ನು ಒಟಿಪಿ ಸಾಲದು: ನಮ್ಮ ಹೋಟೆಲ್ ಗ್ರಾಹಕರಿಗೆ ಪತ್ರ

ಮಾಟುಂಗಾ, ಮುಂಬಯಿ

ಮಾನ್ಯ ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ, ನಿಮ್ಮ ಹೋಟೆಲುಗಳಿಗೆ ನಾವು ಕೊಟ್ಟಿರುವ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಎಸ್‌ಎಂಎಸ್ ಒಟಿಪಿ ಹಾಕಿ ಲಾಗಿನ್ ಆಗುವ ಕ್ರಮ ನಿಲ್ಲುತ್ತದೆ. ಅದರ ಜಾಗಕ್ಕೆ ಪಾಸ್‌ಕೀ, ಅಂದರೆ ಬೆರಳಚ್ಚು, ಮುಖ ಅಥವಾ ಫೋನಿನ ಪಿನ್ ಕೊಟ್ಟು ತೆರೆಯುವ ಡಿಜಿಟಲ್ ಕೀಲಿ ಬರುತ್ತದೆ. ಬಿಲ್ಲಿನ ಮೇಲೆ ಅಚ್ಚಾಗುವ ಯುಪಿಐ ಐಡಿಯನ್ನು ಬದಲಿಸಬೇಕಾದರೆ ಇನ್ನು ಮುಂದೆ ಇಬ್ಬರ ಒಪ್ಪಿಗೆ ಬೇಕು. ಇಬ್ಬರೂ ಒಪ್ಪಿದ ಮೇಲೂ 24 ಗಂಟೆ ಕಾಯಬೇಕು. ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹನ್ನೊಂದಕ್ಕೆ ಇಳಿಸುವ ನಿಮಗೆ ಇಂಥ ಹೊಸ ಕ್ರಮ ಕಲಿಯುವಷ್ಟು ಪುರುಸೊತ್ತು ಎಲ್ಲಿದೆ ಎಂಬುದು ನಮಗೆ ಗೊತ್ತಿದೆ. ಆದರೂ ಇದನ್ನು ಮಾಡದೆ ವಿಧಿಯಿಲ್ಲ. ಏಕೆಂದು ಬಿಡಿಸಿ ಹೇಳುತ್ತೇವೆ.

ಕೆಲವು ತಿಂಗಳಿಂದ ಒಬ್ಬ ಹ್ಯಾಕರ್ ನಮ್ಮ ಕಂಪನಿಯ ಬೆನ್ನು ಹತ್ತಿದ್ದಾನೆ. ಒಬ್ಬನೋ, ಒಂದು ಗುಂಪೋ. ಕೆಲಸದ ರೀತಿ ಮಾತ್ರ ಒಂದೇ. ಅವನನ್ನು ಹುಡುಕುತ್ತಿರುವವರು ನಮ್ಮಲ್ಲಿ ಸಾಫ್ಟ್‌ವೇರ್ ಭದ್ರತೆಯನ್ನು ನೋಡಿಕೊಳ್ಳುವ ಹೆಣ್ಣುಮಗಳು. ಬೋರಿವಲಿಯಲ್ಲೇ ಹುಟ್ಟಿ ಬೆಳೆದವರು, ಮನೆಮಾತು ತುಳು, ತಂದೆ ಹೋಟೆಲಿನಲ್ಲಿ ದುಡಿದವರು. ನಿಮ್ಮಲ್ಲಿ ಹಲವರು ಅವರೊಡನೆ ಫೋನಿನಲ್ಲಿ ಮಾತಾಡಿದ್ದೀರಿ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ವಿಷಯ ಮೊದಲು ಗೊತ್ತಾದದ್ದು ಘಾಟ್‌ಕೋಪರಿನ ಒಂದು ಹೋಟೆಲಿನ ಗಲ್ಲಾದಲ್ಲಿ. ಮಧ್ಯಾಹ್ನದ ಊಟದ ರಷ್. ಬಿಲ್ಲಿನ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಹೋಗಿದೆ ಎಂದು ಗಿರಾಕಿಗಳು ಮೊಬೈಲ್ ತೋರಿಸುತ್ತಿದ್ದಾರೆ, ಸೌಂಡ್‌ಬಾಕ್ಸ್ ಮಾತ್ರ ಬಾಯಿ ಬಿಡುತ್ತಿಲ್ಲ. ನೆಟ್‌ವರ್ಕ್ ಇಲ್ಲವೇನೋ ಎಂದು ಯಾರಾದರೂ ಸುಮ್ಮನಾಗುತ್ತಿದ್ದರು. ಗಲ್ಲಾದಲ್ಲಿದ್ದ ಹುಡುಗ ಸುಮ್ಮನಾಗಲಿಲ್ಲ. ಒಬ್ಬ ಗಿರಾಕಿಯ ಫೋನ್ ಕೇಳಿ ತೆಗೆದುಕೊಂಡು, ದುಡ್ಡು ಯಾರ ಹೆಸರಿಗೆ ಹೋಗಿದೆ ಎಂದು ಓದಿದ. ಹೋಟೆಲಿನ ಹೆಸರಿರಬೇಕಾದ ಕಡೆ ಗುರುತೇ ಇಲ್ಲದ ಯಾರದೋ ಹೆಸರು. ಕೂಡಲೇ ಬಿಲ್ ಪ್ರಿಂಟರ್ ನಿಲ್ಲಿಸಿ, ಗೋಡೆಗೆ ಅಂಟಿಸಿದ್ದ ಹಳೆಯ ಕ್ಯೂಆರಿನಲ್ಲಿ ದುಡ್ಡು ತೆಗೆದುಕೊಳ್ಳಲು ಶುರುಮಾಡಿ ನಮಗೆ ಫೋನ್ ಮಾಡಿದ. ಆ ಹುಡುಗನಿಗೆ ನಾವೆಲ್ಲ ಋಣಿಗಳು. ಅವನು ಅಷ್ಟು ಚುರುಕಾಗಿ ಇರದಿದ್ದರೆ ಈ ಕಳ್ಳತನ ಇನ್ನೆಷ್ಟು ಹೋಟೆಲುಗಳಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತೋ.

ನಮ್ಮ ಸಾಫ್ಟ್‌ವೇರ್ ಪ್ರತಿ ಬಿಲ್ಲಿಗೂ ಮೊತ್ತ ಸೇರಿಸಿ ಹೊಸ ಕ್ಯೂಆರ್ ಅಚ್ಚು ಹಾಕುತ್ತದೆ. ಆ ಕ್ಯೂಆರಿನೊಳಗೆ ಇರುವುದು ನೀವು ಸೆಟ್ಟಿಂಗ್ಸಿನಲ್ಲಿ ಕೊಟ್ಟ ಯುಪಿಐ ಐಡಿ. ಅದನ್ನು ಬದಲಿಸಿಬಿಟ್ಟರೆ ಬಿಲ್ಲಿನ ಮೇಲೆ ಮೊತ್ತ, ಹೋಟೆಲಿನ ಹೆಸರು ಎಲ್ಲ ಸರಿಯಾಗಿಯೇ ಕಾಣುತ್ತವೆ. ದುಡ್ಡು ಮಾತ್ರ ಬೇರೆ ಖಾತೆ ಸೇರುತ್ತದೆ. ಸೌಂಡ್‌ಬಾಕ್ಸ್ ನಿಮ್ಮ ಸ್ವಂತ ಖಾತೆಗೆ ಜೋಡಿಸಿದ್ದು, ಆದ್ದರಿಂದ ಅದು ಕೂಗುವುದಿಲ್ಲ.

ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರೆಂದು ಸಾಫ್ಟ್‌ವೇರ್ ಬರೆದಿಡುವ ದಾಖಲೆ, ತೆಗೆದು ನೋಡಿದಾಗ ನಮ್ಮ ಭದ್ರತಾ ಮುಖ್ಯಸ್ಥೆಗೆ ಸಿಕ್ಕಿದ್ದು ವಿಚಿತ್ರವಾಗಿತ್ತು. ಯಾರೂ ಬಾಗಿಲು ಒಡೆದಿರಲಿಲ್ಲ. ಧಣಿಗಳ ನಂಬರಿನಿಂದಲೇ ಲಾಗಿನ್, ಒಟಿಪಿಯೂ ಸರಿಯಾದದ್ದೇ. ಆದರೆ ಆ ಹೊತ್ತಿಗೆ ಧಣಿಗಳು ಕಾರ್ಕಳದ ಹತ್ತಿರದ ತಮ್ಮ ಊರಿನಲ್ಲಿ ದೈವದ ನೇಮಕ್ಕೆ ಹೋಗಿದ್ದರು, ಫೋನ್ ಜೇಬಿನಲ್ಲಿತ್ತು. ಲಾಗಿನ್ ಬಂದದ್ದು ಹೊರದೇಶದ ಒಂದು ಬಾಡಿಗೆ ಸರ್ವರಿನಿಂದ.

ಫೋನ್ ತರಿಸಿ ನೋಡಿದಾಗ ಗುಟ್ಟು ಸಿಕ್ಕಿತು. ಆಹಾರ ಪರವಾನಗಿಯ ನವೀಕರಣ ಬಾಕಿ ಇದೆ, ಈ ಫೈಲ್ ತೆರೆದು ವಿವರ ತುಂಬಿ ಎಂದು ವಾಟ್ಸಾಪಿನಲ್ಲಿ ಒಂದು ಎಪಿಕೆ ಫೈಲ್ (ಆಂಡ್ರಾಯ್ಡ್ ಫೋನಿಗೆ ಆಪ್ ಹಾಕುವ ಫೈಲ್) ಬಂದಿತ್ತು. ಪರವಾನಗಿ ಎಂದರೆ ಯಾವ ಹೋಟೆಲಿನವರಿಗೂ ಎದೆ ಧಸಕ್ ಎನ್ನುತ್ತದೆ, ಯಾರೇ ಆದರೂ ತೆರೆಯುತ್ತಾರೆ. ಅದನ್ನು ನಮ್ಮ ಭದ್ರತಾ ಮುಖ್ಯಸ್ಥೆ ಬೇರೆ ಯಾವುದಕ್ಕೂ ಬಳಸದ ಒಂದು ಫೋನಿಗೆ ಹಾಕಿ ಪರೀಕ್ಷಿಸಿದರು. ಅದು ಮೊದಲು ಕೇಳುವುದೇ ಎಸ್‌ಎಂಎಸ್ ಓದುವ ಅನುಮತಿ. ಒಮ್ಮೆ ಕೊಟ್ಟರೆ ಮುಗಿಯಿತು. ಬಂದ ಪ್ರತಿ ಎಸ್‌ಎಂಎಸ್ಸಿನ ನಕಲು ಆ ಕ್ಷಣವೇ ಒಂದು ಟೆಲಿಗ್ರಾಮ್ ಖಾತೆಗೆ ಹೋಗುತ್ತದೆ. ಒಟಿಪಿ ನಿಮಗೆ ಕಾಣುವ ಹೊತ್ತಿಗೆ ಅವನಿಗೂ ಕಂಡಿರುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ವರ್ಷಗಟ್ಟಲೆ ಎಲ್ಲರೂ ಹೇಳುತ್ತಾ ಬಂದಿದ್ದೇವೆ. ಇಲ್ಲಿ ಯಾರೂ ಯಾರಿಗೂ ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಹೇಳದೆ ಇರಲಾರೆ. ನಮ್ಮ ಸಿಸ್ಟಮಿನಲ್ಲಿ ಇಲ್ಲದ ಒಂದು ಹೋಟೆಲನ್ನು ಹುಟ್ಟುಹಾಕಿದರು. ಇಡ್ಲಿ, ವಡೆ, ನೀರ್‌ದೋಸೆ, ಬನ್ಸ್ ಎಂದು ಮೆನು, ದಿನದಿನದ ಬಿಲ್ಲು, ಎಲ್ಲ ಇತ್ತು. ಹೋಟೆಲ್ ಮಾತ್ರ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಆ ಹೋಟೆಲಿನ ನಂಬರಿನ ಫೋನಿಗೆ ಅದೇ ಎಪಿಕೆ ಹಾಕಿ ಕಾದು ಕುಳಿತರು. ಅವನು ಬಂದ. ಬಂದವನ ಪ್ರತಿ ಹೆಜ್ಜೆಯೂ ದಾಖಲಾಯಿತು. ಮೊದಲು ನಿಮಗೆ ಬರುವ ಎಚ್ಚರಿಕೆಯ ಇಮೇಲನ್ನು ಆಫ್ ಮಾಡುತ್ತಾನೆ. ಮಾರಾಟ, ಸ್ಟಾಕು, ಸಂಬಳದ ಪಟ್ಟಿ ಯಾವುದನ್ನೂ ಮುಟ್ಟುವುದಿಲ್ಲ. ಊಟದ ರಷ್ ಶುರುವಾಗುವ ಹೊತ್ತಿಗೆ ಯುಪಿಐ ಐಡಿ ಬದಲಿಸುತ್ತಾನೆ, ರಷ್ ಇಳಿದ ಮೇಲೆ ನಿಮ್ಮ ಹಳೆಯ ಐಡಿಯನ್ನು ಮತ್ತೆ ಅಲ್ಲೇ ಇಟ್ಟು ಹೋಗುತ್ತಾನೆ. ಸಂಜೆ ನೀವು ತೆರೆದು ನೋಡಿದರೆ ಎಲ್ಲ ಇದ್ದ ಹಾಗೇ ಇರುತ್ತದೆ. ರಾತ್ರಿ ಗಲ್ಲಾ ಲೆಕ್ಕ ಹೊಂದದಿದ್ದಾಗ ಅನುಮಾನ ಹೋಗುವುದು ಯಾರ ಮೇಲೆ? ಗಲ್ಲಾದಲ್ಲಿ ಕುಳಿತ ಬಡ ಹುಡುಗನ ಮೇಲೆ. ನಮಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ. ಈಚೆಗೆ ಲೆಕ್ಕ ಹೊಂದಲಿಲ್ಲವೆಂದು ನೀವು ಯಾರನ್ನಾದರೂ ಕೆಲಸದಿಂದ ಬಿಡಿಸಿದ್ದರೆ ದಯವಿಟ್ಟು ನಮಗೆ ತಿಳಿಸಿ. ಆ ದಿನದ ಲಾಗ್ ತೆಗೆದು ತೋರಿಸುತ್ತೇವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಲಾಗುಗಳನ್ನು 180 ದಿನ ಇಡಲೇಬೇಕು, ನಮ್ಮಲ್ಲಿ ಇವೆ.

ಅದೇ ನಿರ್ದೇಶನ ಇಂಥ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕೆನ್ನುತ್ತದೆ. ಮಾಡಿದ್ದೇವೆ, ಸೈಬರ್ ಪೊಲೀಸರಿಗೂ ದೂರು ಕೊಟ್ಟಿದ್ದೇವೆ. ದಾಖಲೆಗಳೆಲ್ಲ ಅವರ ಕೈಯಲ್ಲಿವೆ. ದುಡ್ಡು ಸೇರಿದ್ದು ಕಮಿಷನ್ ಆಸೆಗೆ ಖಾತೆಯನ್ನು ಬಾಡಿಗೆಗೆ ಕೊಟ್ಟವರ ಹೆಸರಿಗೆ, ಅಲ್ಲಿಂದ ನಿಮಿಷಗಳಲ್ಲಿ ಮುಂದೆ ಹೋಗಿದೆ. ಅವನು ಇನ್ನೂ ಸಿಕ್ಕಿಲ್ಲ. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ತಿಳಿದ ಮೇಲೆ ನಮ್ಮ ಭದ್ರತಾ ಮುಖ್ಯಸ್ಥೆಗೇ ಬೆದರಿಕೆಯ ಇಮೇಲ್ ಕಳಿಸಿದ, ಅವರು ಇರುವ ಬಡಾವಣೆಯ ಹೆಸರು ಬರೆದು. ಜೊತೆಗೆ ಕಂಪನಿಯಿಂದ ಕ್ರಿಪ್ಟೋದಲ್ಲಿ ಹಣ ಕೇಳಿದ. ಒಂದು ಪೈಸೆಯನ್ನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅವರು ಮಾರನೆಯ ದಿನವೂ ಎಂದಿನಂತೆ ಕೆಲಸಕ್ಕೆ ಬಂದರು.

ಪುಣೆಯ ನಮ್ಮ ಗ್ರಾಹಕರಿಗೆ 2018ರ ಆಗಸ್ಟ್ ನೆನಪಿರಬಹುದು. ಅಲ್ಲಿನ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಎರಡು ದಾಳಿಗಳಲ್ಲಿ 94 ಕೋಟಿ ರೂಪಾಯಿಗೂ ಹೆಚ್ಚು ಹೋಯಿತು. 11ನೇ ತಾರೀಕು ಶನಿವಾರ ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ನಕಲಿ ಕಾರ್ಡಿನಲ್ಲಿ ಹಣ ತೆಗೆದರು, 13ರಂದು ಬ್ಯಾಂಕುಗಳು ಹೊರದೇಶಕ್ಕೆ ಹಣ ಕಳಿಸಲು ಬಳಸುವ ಸ್ವಿಫ್ಟ್ ಜಾಲದ ಮೂಲಕ ಹಾಂಗ್‌ಕಾಂಗ್‌ಗೆ ಸಾಗಿಸಿದರು. ಅಲ್ಲಿ ನಡೆದದ್ದು ಎಟಿಎಂಗೆ ‘ಹಣ ಕೊಡಬಹುದು’ ಎಂದು ಹೇಳುವ ಜಾಗಕ್ಕೇ ನಕಲಿ ಉತ್ತರ ತಂದು ಕೂರಿಸಿದ್ದು. ನಮ್ಮಲ್ಲಿಯೂ ಅಷ್ಟೇ, ನಿಮ್ಮ ಖಾತೆಯನ್ನು ಯಾರೂ ಮುಟ್ಟಿಲ್ಲ. ಒಪ್ಪಿಗೆ ಕೊಡುವ ಜಾಗವನ್ನು ಹಿಡಿದರು. ಅದಕ್ಕೇ ನಾವು ಬದಲಿಸುತ್ತಿರುವುದು ಆ ಜಾಗವನ್ನು.

ಪಾಸ್‌ಕೀ ಎಂದರೆ ನಿಮ್ಮ ಫೋನಿನಲ್ಲಿ ಇರುವ ಒಂದು ಕೀಲಿ. ಬೆರಳಚ್ಚು, ಮುಖ ಅಥವಾ ಫೋನಿನ ಪಿನ್ ಕೊಟ್ಟರೆ ಅದು ತೆರೆಯುತ್ತದೆ. ಬೆರಳಚ್ಚು ನಮ್ಮ ಸರ್ವರಿಗೆ ಬರುವುದಿಲ್ಲ, ಫೋನು ಬಿಟ್ಟು ಆಚೆ ಹೋಗುವುದಿಲ್ಲ. ಎಸ್‌ಎಂಎಸ್ ಬರುವುದೇ ಇಲ್ಲವಾದ್ದರಿಂದ ಕದ್ದು ಓದಲು ಏನೂ ಇರುವುದಿಲ್ಲ. ನಮ್ಮ ಸೈಟಿನಂತೆಯೇ ಕಾಣುವ ನಕಲಿ ಸೈಟಿಗೆ ನೀವು ಮೋಸಹೋಗಿ ಹೋದರೂ ಈ ಕೀಲಿ ಅಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಅದು ನಮ್ಮ ವಿಳಾಸಕ್ಕೆ ಮಾತ್ರ ಕಟ್ಟಿದ್ದು. ಆಂಡ್ರಾಯ್ಡ್ 9 ಮತ್ತು ಅದಕ್ಕಿಂತ ಹೊಸದು, ಐಫೋನಿನಲ್ಲಿ ಐಓಎಸ್ 16 ಅಥವಾ ಹೊಸದು ಇದ್ದರೆ ಸಾಕು. ಹಳೆಯ ಫೋನ್ ಇರುವವರಿಗೆ ಕಂಪ್ಯೂಟರಿಗೆ ಚುಚ್ಚುವ ಒಂದು ಚಿಕ್ಕ ಯುಎಸ್‌ಬಿ ಕೀಲಿಯನ್ನು ನಮ್ಮ ಖರ್ಚಿನಲ್ಲೇ ಕೊಡುತ್ತೇವೆ.

ಇನ್ನು ಇಬ್ಬರ ಒಪ್ಪಿಗೆಯ ವಿಚಾರ. ಧಣಿಗಳು ಊರಿಗೆ ಹೋಗಿರುತ್ತಾರೆ, ಮದುವೆ, ಬ್ರಹ್ಮಕಲಶ, ನೇಮ ಇದ್ದೇ ಇರುತ್ತವೆ. ಆದ್ದರಿಂದ ನಿಮಗೆ ನಂಬಿಕೆಯ ಇನ್ನೊಬ್ಬರ ಹೆಸರು ಕೊಡಿ: ಪಾಲುದಾರ, ಹೆಂಡತಿ, ತಮ್ಮ, ಅಕ್ಕನ ಮಗ, ಮ್ಯಾನೇಜರ್, ಯಾರಾದರೂ ಸರಿ. ಅವರದು ಬೇರೆ ಫೋನ್ ಆಗಿರಬೇಕು, ಅಷ್ಟೇ. ಐಡಿ ಬದಲಿಸುವ ಕೋರಿಕೆ ಬಂದ ಕೂಡಲೇ ಇಬ್ಬರಿಗೂ ತಿಳಿಯುತ್ತದೆ, 24 ಗಂಟೆಯೊಳಗೆ ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಅದು ರದ್ದು. ಎಚ್ಚರಿಕೆಯ ಸಂದೇಶವನ್ನು ಆಫ್ ಮಾಡುವ ಬಟನ್ನನ್ನೇ ತೆಗೆದುಹಾಕಿದ್ದೇವೆ. ಕೆಲವರು ಕೇಳಿದರು, ಬ್ಯಾಂಕ್ ಖಾತೆಗೆ ದಿಢೀರ್ ತೊಂದರೆಯಾಗಿ ಇವತ್ತೇ ಐಡಿ ಬದಲಿಸಬೇಕಾದರೆ ಏನು ಗತಿ ಎಂದು. ಆ ಒಂದು ದಿನಕ್ಕೆ ಬಿಲ್ಲಿನ ಕ್ಯೂಆರ್ ನಿಲ್ಲಿಸಿ ಗಲ್ಲಾದ ಮೇಲಿನ ಅಂಟಿಸಿದ ಕ್ಯೂಆರ್ ಬಳಸಿ. ಕಾಯುವ ಅವಧಿಯನ್ನು ಯಾರಿಗಾಗಿಯೂ ಸಡಿಲಿಸುವುದಿಲ್ಲ, ಎಷ್ಟೇ ಹಳೆಯ ಗ್ರಾಹಕರಾದರೂ. ಹಳೆಯ ಗ್ರಾಹಕರ ಧ್ವನಿಯಲ್ಲೇ ಅವನು ಫೋನ್ ಮಾಡಬಹುದು.

ನಮ್ಮವರು ಯಾರೂ ನಿಮಗೆ ವಾಟ್ಸಾಪಿನಲ್ಲಿ ಎಪಿಕೆ ಕಳಿಸುವುದಿಲ್ಲ, ಮೊಬೈಲಿನ ಪರದೆ ಹಂಚಿಕೊಳ್ಳಲು ಹೇಳುವುದಿಲ್ಲ. ಅಪ್‌ಡೇಟ್ ಬರುವುದು ಪ್ಲೇ ಸ್ಟೋರಿನಿಂದ ಮಾತ್ರ. ಗಲ್ಲಾದ ಹುಡುಗರಿಗೆ ಒಂದು ಮಾತು ಹೇಳಿಡಿ: ಸೌಂಡ್‌ಬಾಕ್ಸ್ ಸುಮ್ಮನಿದ್ದರೆ ಗಿರಾಕಿಯ ಫೋನಿನಲ್ಲಿ ಯಾರ ಹೆಸರಿದೆ ಎಂದು ಓದಲಿ. ದುಡ್ಡು ಹೋಗಿದೆ ಎನಿಸಿದರೆ ನಮಗಿಂತ ಮೊದಲು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಪಾಸ್‌ಕೀ ಮಾಡಿಕೊಡಲು ಈ ತಿಂಗಳ ಕೊನೆಯವರೆಗೆ ಮಾಟುಂಗಾದ ನಮ್ಮ ಕಚೇರಿ ಭಾನುವಾರವೂ ತೆರೆದಿರುತ್ತದೆ, ಮಧ್ಯಾಹ್ನ 3ರಿಂದ 6ರವರೆಗೆ, ನಿಮಗೆ ಸ್ವಲ್ಪ ಬಿಡುವಿರುವ ಹೊತ್ತು. ಫೋನ್ ಮತ್ತು ಆ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ. ಡೊಂಬಿವಲಿ, ವಾಶಿ, ಪುಣೆಯ ಗ್ರಾಹಕರ ಹತ್ತಿರ ನಮ್ಮವರೇ ಬರುತ್ತಾರೆ. ಬರುವ ಮುಂಚಿನ ದಿನ ಯಾರು ಬರುತ್ತಾರೆಂದು ಬಿಲ್ಲಿಂಗ್ ಪರದೆಯಲ್ಲೇ ಹೆಸರು ಮತ್ತು ಫೋಟೋ ಕಾಣುತ್ತದೆ. ಅದು ಕಾಣದೆ ಯಾರೇ ಬಂದರೂ ಕಂಪ್ಯೂಟರ್ ಮುಟ್ಟಲು ಬಿಡಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ