ಬಾಲ್ ಪೈಥಾನ್ ತರೋ ಮೊದ್ಲು

ಸಂಪಾದಕರೇ,

ನಮ್ಮಕ್ಕನ ಮಗ ಹಾವು ಸಾಕ್ತೀನಿ ಅಂತ ಹಠ ಹಿಡಿದು ಕೂತಿದಾನೆ, ಇನ್‌ಸ್ಟಾದಲ್ಲಿ ಯಾರೋ ಬಾಲ್ ಪೈಥಾನ್ (ಒಂದು ಜಾತಿ ವಿದೇಶಿ ಹೆಬ್ಬಾವು) ಕೊರಳಿಗೆ ಸುತ್ಕೊಂಡಿದ್ದು ನೋಡಿ. ನಮ್ಮೂರಿನ ನಾಗರಹಾವು, ಕೇರೆಹಾವು, ಹೆಬ್ಬಾವು ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಬಾಲ್ ಪೈಥಾನ್ ಆಫ್ರಿಕಾದ್ದು ಸರಿ, ಆದ್ರೆ ಇದಕ್ಕೂ 2024ರ ನಿಯಮದಂತೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟ್ರೇಷನ್ ಮಾಡಿಸ್ಲೇಬೇಕು, ಮಾರೋರು ಎಷ್ಟೋ ಸಲ ಬಾಯೇ ಬಿಡಲ್ಲ. ಹಾಲುಗೀಲು ಕುಡಿಯಲ್ಲ ಸ್ವಾಮಿ, ಇಡೀ ಇಲಿನೇ ಬೇಕು, ಫ್ರೀಜರ್‌ನಲ್ಲಿಟ್ಟಿದ್ದನ್ನ ಕರಗಿಸಿ ಬೆಚ್ಚಗೆ ಮಾಡಿ ಕೊಡ್ಬೇಕು (ನಮ್ಮಕ್ಕ ಮೊಟ್ಟೆನೇ ಮನೆಯೊಳಗೆ ತರಲ್ಲ!). ಪೆಟ್ಟಿಗೇಲಿ ಒಂದು ಕಡೆ 32 ಡಿಗ್ರಿ, ಇನ್ನೊಂದು ಕಡೆ 25ರ ಆಸುಪಾಸು, ಹೀಟರ್‌ಗೆ ಥರ್ಮೋಸ್ಟಾಟ್ ಇಲ್ದಿದ್ರೆ ಮೈ ಸುಟ್ಕೊಳುತ್ತೆ. ತಿಂದ್ಮೇಲೆ ಎರಡು ದಿನ ಮುಟ್ಟಂಗಿಲ್ಲ. ಚೆನ್ನಾಗಿ ನೋಡ್ಕೊಂಡ್ರೆ 20-30 ವರ್ಷ ಬದುಕುತ್ತೆ. ಹುಡುಗಂಗೆ ಈಗ 15.

– ಆ ಹುಡುಗನ ಸೋದರಮಾವ, ಬೆಂಗಳೂರು