ಡಾಟ್ಸನ್ ಕೊಳ್ಳಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಎರಡೂ ಕಾರುಗಳ ಫೋಟೋ ನೋಡಿದೆ. ರಾತ್ರಿ ಊಟ ಆದಮೇಲೆ ಕೂತು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಡಾಟ್ಸನ್ 240ಝಡ್, ಆ ಹಳೇ ಜಪಾನಿ ಸ್ಪೋರ್ಟ್ಸ್ ಕಾರು ಅಂದ್ರೆ ನನಗೆ ಎಷ್ಟು ಹುಚ್ಚು ಅಂತ ನಿನಗೆ ಗೊತ್ತೇ ಇದೆ. ಮಾಡಿಫೈ ಮಾಡಿದ್ದನ್ನೇ ತಗೊಳ್ಳಲಾ, ಒರಿಜಿನಲ್ ಸಿಗೋವರೆಗೂ ಕಾಯಲಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ ಅಂದಾಗ ನೀನು ಒಪ್ಪಿದ್ದು ಒಳ್ಳೆಯದಾಯಿತು. ಇದೇ ಪ್ರಶ್ನೆ ಇನ್ನೂ ಇಬ್ಬರು ಮೂವರು ಕೇಳಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ. ಆ ಕಿತ್ತಳೆ ಬಣ್ಣದ 1972ರ ಕಾರು ಬೇಡ. ಕಂದು ಬಣ್ಣದ 1973ರದ್ದನ್ನು ಹೋಗಿ ನೋಡೋಣ. ಯಾರೂ ಕೈ ಹಾಕದ ಒಂದು 1970ರ ಕಾರಿಗಾಗಿ ವರ್ಷಗಟ್ಟಲೆ ಕಾಯುವುದಂತೂ ಬೇಡವೇ ಬೇಡ.

ಈ ಕಾರು ಅಮೆರಿಕಕ್ಕೆ ಬಂದಾಗ ಬೆಲೆ 3,526 ಡಾಲರ್. 2.4 ಲೀಟರಿನ ಆರು ಸಿಲಿಂಡರ್ ಎಂಜಿನ್, 151 ಹಾರ್ಸ್‌ಪವರ್. ಆ ದುಡ್ಡಿಗೆ ಇಷ್ಟು ಚೆಂದದ ಕಾರು ಸಿಗೋದೇ ಕಷ್ಟವಾಗಿತ್ತು. ಡಾಟ್ಸನ್ ಹೆಸರಿನ ಕಾರು ಮಾಡುತ್ತಿದ್ದ ನಿಸ್ಸಾನ್ ಕಂಪನಿಯನ್ನು ಇಲ್ಲಿ ಅಮೆರಿಕದಲ್ಲಿ ನಡೆಸುತ್ತಿದ್ದ ಯುಟಾಕಾ ಕಟಾಯಾಮಾ ಇದರ ಬೆನ್ನಿಗೆ ನಿಂತಿದ್ದರು. ಜಪಾನಿನಲ್ಲಿ ಇಟ್ಟ ಫೇರ್‌ಲೇಡಿ ಅನ್ನೋ ಹೆಸರು ಇಲ್ಲಿ ನಡೆಯಲ್ಲ ಅಂತ 240ಝಡ್ ಅಂತಲೇ ಮಾರಿಸಿದರು. 1973ರ ಹೊತ್ತಿಗೆ ಒಂದೂವರೆ ಲಕ್ಷದ ಹತ್ತಿರ ಕಾರು ಇಲ್ಲಿ ಮಾರಾಟವಾದವು. ಆಮೇಲೆ ಬಹಳ ವರ್ಷ ಇವು ಬರೀ ಹಳೇ ಕಾರು. ಕಡಿಮೆ ದುಡ್ಡಿಗೆ ಹುಡುಗರ ಕೈಗೆ ಸಿಕ್ಕವು. ಕೆಲವರು ಬೇಕಾದ ಹಾಗೆ ಕೊಯ್ದರು, ಕೆಲವರು ರೇಸಿಗೆ ಇಳಿಸಿದರು. ಉಳಿದವುಗಳಲ್ಲಿ ಎಷ್ಟನ್ನೋ ತುಕ್ಕು ತಿಂದಿತು. ಅದಕ್ಕೇ ಈಗ ಪೂರ್ತಿ ಒರಿಜಿನಲ್ ಸಿಕ್ಕರೆ ಜನ ಮುಗಿಬೀಳುತ್ತಾರೆ. 2020ರ ಜನವರಿಯಲ್ಲಿ ಆನ್‌ಲೈನ್ ಹರಾಜಿನಲ್ಲಿ 1971ರ ಒಂದು ಕಾರು 3,10,000 ಡಾಲರಿಗೆ ಹೋಯಿತು. ಸುಮಾರು 21,000 ಮೈಲಿ ಅಷ್ಟೇ ಓಡಿತ್ತು. ಎಲ್ಲದಕ್ಕೂ ಆ ಬೆಲೆ ಇಲ್ಲ, ನಿಜ. ಆದರೆ ಅಂಥದ್ದನ್ನು ತಂದರೆ ಮೈಲಿ ಏರುತ್ತದೆ ಅಂತ ಓಡಿಸೋಕೇ ಮನಸ್ಸು ಬರಲ್ಲ. ನೀನು ಭಾನುವಾರ ಬೆಳಗ್ಗೆ ಮಗಳನ್ನು ಕೂರಿಸಿಕೊಂಡು ಸಮುದ್ರ ತೀರದ ಹಾಫ್ ಮೂನ್ ಬೇ ಕಡೆ ಹೋಗಬೇಕು ಅಂದವನು.

ಮಾಡಿಫೈ ಅಂದ ತಕ್ಷಣ ಮೂಗು ಮುರಿಯಬೇಡ. ಕಂದು ಕಾರಿಗೆ ಏನೇನು ಮಾಡಿದ್ದಾರೆ ನೋಡು. ಮುಂದೆ ಬಂದ 280ಝಡ್‌ನ 2.8 ಲೀಟರ್ ಎಂಜಿನ್ ಕೂರಿಸಿದ್ದಾರೆ. ಅದು ಇದೇ ವಂಶದ್ದು, ಬಾಡಿಯಲ್ಲಿ ಏನೂ ಕೊಯ್ಯದೆ ಕೂರುತ್ತದೆ. ಅಮೆರಿಕದ 240ಝಡ್‌ಗೆ ಮ್ಯಾನ್ಯುವಲ್‌ನಲ್ಲಿ ನಾಲ್ಕೇ ಗೇರ್ ಕೊಟ್ಟಿದ್ದರು. ಇದಕ್ಕೆ ಐದು ಗೇರಿನ ಡಬ್ಬ ಹಾಕಿದ್ದಾರೆ, ಹೈವೇನಲ್ಲಿ ಎಂಜಿನ್ ಅರಚಿಕೊಳ್ಳುವುದು ತಪ್ಪಿತು. 73ರಲ್ಲಿ ಹೊಗೆಯ ನಿಯಮಕ್ಕೋಸ್ಕರ ಕಂಪನಿ ಹಾಕಿದ ಚಪ್ಪಟೆ ತಲೆಯ ಕಾರ್ಬೊರೇಟರ್‌ಗಳು ಬಿಸಿ ಏರಿದಾಗ ತುಂಬ ಸತಾಯಿಸುತ್ತಿದ್ದವು. ಒರಿಜಿನಲ್ಲೇ ಬೇಕು ಅನ್ನೋ ಜನ ಕೂಡ ಅವನ್ನು ತೆಗೆದು ಅದಕ್ಕಿಂತ ಹಳೆಯ ದುಂಡು ತಲೆಯವನ್ನು ಹಾಕಿಕೊಳ್ಳುತ್ತಾರೆ. ಇವರೂ ಅದನ್ನೇ ಮಾಡಿದ್ದಾರೆ. ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಕೊನೆಯ ಫೋಟೋ. ಗ್ಯಾರೇಜಿನ ಮೂಲೆಯಲ್ಲಿ ಹಳೇ ಎಂಜಿನ್, ಹಳೇ ಗೇರ್ ಡಬ್ಬ, ಮೂರು ರಟ್ಟಿನ ಪೆಟ್ಟಿಗೆ, ಒಂದೊಂದರ ಮೇಲೂ ಚೀಟಿ. ನಾಳೆ ನಿನಗೆ ಬೇಕು ಅನ್ನಿಸಿದರೆ ಎಲ್ಲ ವಾಪಸ್ ಹಾಕಬಹುದು.

ಕಿತ್ತಳೆ ಕಾರಿನ ಕಥೆ ಬೇರೆ. ಎಂಟು ಸಿಲಿಂಡರಿನ ವಿ8 ಎಂಜಿನ್, ಅಗಲ ಟೈರು, ನೋಡೋಕೆ ಜೋರಾಗಿದೆ. ಆದರೆ ಟೈರು ಹಿಡಿಸೋಕೆ ಹಿಂದಿನ ಎರಡೂ ಮಡ್‌ಗಾರ್ಡ್ ಕೊಯ್ದು ಮೇಲೆ ಫೈಬರ್ ಪಟ್ಟಿ ಬಿಗಿದಿದ್ದಾರೆ. ಎಂಜಿನ್ ಹಿಂದಿನ ತಗಡನ್ನೂ ಸುತ್ತಿಗೆಯಲ್ಲಿ ಬಡಿದು ಒಳಗೆ ತಳ್ಳಿದ ಹಾಗಿದೆ. ಈ ಕಾರಿಗೆ ಕೆಳಗೆ ಬೇರೆ ಚಾಸಿ, ಅಂದ್ರೆ ಬಾಡಿ ಹೊರುವ ಚೌಕಟ್ಟು ಇಲ್ಲ, ಬಾಡಿಯೇ ಚಾಸಿ. ಅಲ್ಲಿ ಕೊಯ್ದದ್ದು ಕಾರಿನ ಬೆನ್ನುಮೂಳೆಯನ್ನೇ ಕೊಯ್ದ ಹಾಗೆ. ಒಳ್ಳೆಯ ಕೆಲಸಗಾರ ಮಾಡಿದ್ದರೆ ವಿ8 ಹಾಕಿದ ಝಡ್ ಕೂಡ ಚೆನ್ನಾಗಿರುತ್ತದೆ, ನಾನೇ ಓಡಿಸಿದ್ದೇನೆ. ಇದರಲ್ಲಿ ಒಂದು ಬಿಲ್ಲೂ ಇಲ್ಲ, ಯಾರು ಮಾಡಿದರು ಅಂತ ಮಾರುವವನಿಗೂ ಗೊತ್ತಿಲ್ಲ.

ನಿಮ್ಮಪ್ಪನ ಯೆಜ್ಡಿ ನೆನಪಿದೆಯಾ? ಮೈಸೂರಿನಲ್ಲೇ ಹುಟ್ಟಿದ ಗಾಡಿ. ನಾವಿಬ್ಬರೂ ಸೇರಿ ಆ ಜೋಡಿ ಸೈಲೆನ್ಸರ್ ಬಿಚ್ಚಿ, ಜೋರು ಶಬ್ದ ಬರುವ ಬೇರೇದು ಹಾಕಿದೆವು. ಹಳೇದನ್ನು ಗುಜರಿಗೆ ಕೊಟ್ಟೆವು. ಹತ್ತು ವರ್ಷ ಆದಮೇಲೆ ಅಪ್ಪನಿಗೆ ಅದೇ ಶಬ್ದ ಬೇಕಾಯಿತು. ಎಷ್ಟು ಅಂಗಡಿ ಅಲೆದೆವು, ಹೇಳು. ರಟ್ಟಿನ ಪೆಟ್ಟಿಗೆ ಕಂಡು ನಾನು ಯಾಕೆ ಖುಷಿಪಟ್ಟೆ ಅಂತ ಈಗ ಅರ್ಥ ಆಗಿರಬೇಕು.

ಇನ್ನು ತುಕ್ಕಿನ ವಿಷಯ. ನನ್ನ ಮೊದಲ ಝಡ್, ಆ ಬಿಳಿ ಕಾರನ್ನು ಒರಿಜಿನಲ್ ಅಂತ ಹೇಳಿಯೇ ಮಾರಿದ್ದರು. ಬಾನೆಟ್ ತೆಗೆದರೆ ಮುಂದಿನ ಸಸ್ಪೆನ್ಶನ್ ಕೂರುವ ಉಬ್ಬಿನ ಮೇಲಿನ ತಗಡಿನ ಫಲಕದಲ್ಲಿ ಎಂಜಿನ್ ನಂಬರ್ ಇತ್ತು, ಎಂಜಿನ್ ಮೇಲೂ ಅದೇ ನಂಬರ್. ಅಷ್ಟು ನೋಡಿ ದುಡ್ಡು ಎಣಿಸಿಬಿಟ್ಟೆ. ಒಂದು ತಿಂಗಳ ಮೇಲೆ ಕಾರು ತೊಳೆಯುವಾಗ ಬಾಗಿಲಿಗೂ ಹಿಂದಿನ ಚಕ್ರಕ್ಕೂ ನಡುವಿನ ಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ತಂದು ಬಟ್ಟೆ ಸುತ್ತಿ ಇಟ್ಟೆ. ಬಾಗಿಲ ಮೇಲೆ ಗಟ್ಟಿಯಾಗಿ ಕೂತಿತು. ನಾಲ್ಕು ಬೆರಳು ಕೆಳಗೆ ಸರಿಸಿದೆ, ಹಿಡಿತ ಸಡಿಲವಾಯಿತು. ಇನ್ನೂ ಸ್ವಲ್ಪ ಸರಿಸಿದೆ, ಕೈಬಿಟ್ಟ ಕೂಡಲೇ ನೆಲಕ್ಕೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪುಟ್ಟಿ. ಜಾಕ್ ಹಾಕಿ ಕೆಳಗೆ ಮಲಗಿ, ಕಪ್ಪು ಅಂಡರ್‌ಕೋಟಿಂಗ್ ಮೇಲೆ ಸ್ಕ್ರೂಡ್ರೈವರ್ ಒತ್ತಿದರೆ ಪಾರ್ಲೆ ಬಿಸ್ಕತ್ತಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ನೆಲದ ಕೆಳಗಿನ ಉದ್ದನೆಯ ತೊಲೆಗಳು ಎರಡೂ ಕಡೆ ಹೋಗಿದ್ದವು. ಅವತ್ತು ರಾತ್ರಿ ನಿನಗೆ ಫೋನ್ ಮಾಡಿದ್ದೆನಲ್ಲ, ಮಾತೇ ಹೊರಡುತ್ತಿರಲಿಲ್ಲ. ಒಳಗಿನ ಯಂತ್ರವೆಲ್ಲ ಒರಿಜಿನಲ್ಲೇ ಆಗಿತ್ತು. ಅದರಿಂದ ನನಗೆ ಏನೂ ಉಪಯೋಗ ಆಗಲಿಲ್ಲ.

ಹಾಗಾಗಿ ಕಂದು ಕಾರಿನಲ್ಲೂ ನಾನು ಮೊದಲು ನೋಡುವುದು ತಗಡು. ಬ್ಯಾಟರಿ ಕೆಳಗಿನ ಜಾಗ, ಅಲ್ಲಿ ಆಸಿಡ್ ಸೋರಿ ತಿಂದಿರುತ್ತದೆ. ವೈಪರ್ ಕೆಳಗೆ ನೀರು ನಿಲ್ಲುವ ಕಡೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ. ಮತ್ತೆ ಆ ಎರಡು ತೊಲೆ. ಆಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ವೈರಿಂಗ್ ನೋಡಬೇಕು. ತಿರುಚಿ ಟೇಪ್ ಸುತ್ತಿದ ವೈರು ಜಾಸ್ತಿ ಕಂಡರೆ ನಾನು ಅಲ್ಲಿಂದಲೇ ಎದ್ದು ಬರುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗೆ ಸ್ಮಾಗ್ ಟೆಸ್ಟ್, ಅಂದ್ರೆ ಹೊಗೆ ತಪಾಸಣೆ ಇಲ್ಲ, ಎಂಜಿನ್ ಬದಲಾಗಿದೆ ಅಂತ ಆ ಲೆಕ್ಕದಲ್ಲಿ ನೀನು ಹೆದರಬೇಕಿಲ್ಲ.

ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಕಾರು ನಿನ್ನದಾದರೆ ಆ ಪೆಟ್ಟಿಗೆಗಳನ್ನು ಜಾಗ ಸಾಲದು ಅಂತ ಎಸೆಯಬೇಡ. ನಿನ್ನ ಮನೆಯಲ್ಲಿ ಇಡೋಕೆ ಆಗದಿದ್ದರೆ ನನ್ನ ಗ್ಯಾರೇಜಿಗೆ ತಂದುಬಿಡು.

ಶನಿವಾರ ಬೆಳಗ್ಗೆ ಏಳಕ್ಕೆ ನಿನ್ನ ಮನೆ ಮುಂದೆ ಇರುತ್ತೇನೆ. ಜಾಕ್, ಟಾರ್ಚ್, ಮ್ಯಾಗ್ನೆಟ್ ಎಲ್ಲ ನಾನೇ ತರುತ್ತೇನೆ. ನೀನು ಇವತ್ತೇ ಮಾರುವವರಿಗೆ ಫೋನ್ ಮಾಡಿ, ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹೇಳು. ತಣ್ಣಗಿರುವಾಗ ಚೋಕ್ ಎಳೆದು ಅದು ಹೇಗೆ ಏಳುತ್ತದೆ ಅಂತ ನಾನು ಪಕ್ಕದಲ್ಲಿ ನಿಂತು ಕೇಳಬೇಕು.

ನಿನ್ನ ಗೆಳೆಯ