ಭಂಗಿ ತಡವಾಗಿ ಏರುತ್ತದೆ

ಸಂಪಾದಕರೇ,

'ಗಿಡದ ಎಲೆ ತಾನೇ, ಏನಾಗುತ್ತೆ?' ಎನ್ನುವವರಿಗಾಗಿ ಈ ಪತ್ರ.

ಕಳೆದ ರಂಗಪಂಚಮಿಗೆ ಅಕ್ಕನ ಮಗ ಗದಗಿನಿಂದ ಹುಬ್ಬಳ್ಳಿಗೆ ಬಂದಿದ್ದ. ಗೆಳೆಯರ ಜೊತೆ ಒಂದು ಲೋಟ ಭಂಗಿ, ಅಂದರೆ ಗಾಂಜಾ ಎಲೆ ಅರೆದು ಬೆರೆಸಿದ ಹಾಲು, ಕುಡಿದ. ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವಂತೆ. 'ಸುಮ್ನೆ ಹಾಲು ಕೊಟ್ಟಾರ' ಎಂದು ಇನ್ನೆರಡು ಲೋಟ ಏರಿಸಿದ. ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಎದೆ ಹಿಡಿದುಕೊಂಡು 'ಮೌಶಿ, ನಾ ಸಾಯ್ತೀನಿ' ಎಂದು ಅಳುತ್ತಿದ್ದ. ನಾಡಿ ಹಿಡಿದು ನೋಡಿದೆ, ನಿಮಿಷಕ್ಕೆ 130!

ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ಇದನ್ನು ಮಾತ್ರ ಯಾವ ಮಕ್ಕಳಿಗೂ ಹೇಳಿರಲಿಲ್ಲ. ಗಾಂಜಾ ಸೇದಿದರೆ ಅದರಲ್ಲಿನ ಅಮಲಿನ ಅಂಶವಾದ ಟಿಎಚ್‌ಸಿ ಶ್ವಾಸಕೋಶದಿಂದ ನಿಮಿಷಗಳಲ್ಲಿ ಮಿದುಳು ಮುಟ್ಟುತ್ತದೆ. ಭಂಗಿಯಾಗಿ ಕುಡಿದರೆ ಹೊಟ್ಟೆ, ಕರುಳು, ಲಿವರ್ ದಾಟಬೇಕು. ಅದಕ್ಕೆ ಅರ್ಧ ಗಂಟೆಯಿಂದ 2 ಗಂಟೆ ಬೇಕು. ಲಿವರ್ ಅದನ್ನು ಇನ್ನೊಂದು ರೂಪಕ್ಕೆ ಬದಲಿಸುತ್ತದೆ. ಆ ರೂಪಕ್ಕೂ ಅಮಲಿದೆ. ಇಷ್ಟರಲ್ಲಿ ಎರಡನೇ ಲೋಟ ಒಳಗೆ ಹೋಗಿರುತ್ತದೆ, ಅಲ್ವಾ?

ಮಿದುಳಿನಲ್ಲಿ ಟಿಎಚ್‌ಸಿ ಕೂರುವುದು ಸಿಬಿ1 ಎಂಬ ಗ್ರಾಹಕಗಳ ಮೇಲೆ, ಅಂದರೆ ನರಕೋಶಗಳು ರಾಸಾಯನಿಕ ಸಂದೇಶ ಹಿಡಿಯುವ ಪ್ರೋಟೀನುಗಳ ಮೇಲೆ. ಅವು ಇರುವುದು ಗಾಂಜಾಕ್ಕಾಗಿ ಅಲ್ಲ, ನಮ್ಮ ದೇಹವೇ ತಯಾರಿಸುವ ರಾಸಾಯನಿಕಗಳಿಗಾಗಿ. ಅಂಥದ್ದೊಂದು 1992ರಲ್ಲಿ ಸಿಕ್ಕಿತು. ಅದಕ್ಕೆ ನಮ್ಮ 'ಆನಂದ'ದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಅಂದು ನಮ್ಮ ಮನೆಯಲ್ಲಿ ಆನಂದವೇನೂ ಇರಲಿಲ್ಲ ಬಿಡಿ.

ಹಬ್ಬದ ಮುನ್ನಾದಿನ ನೀರು ಉಳಿಸಿ, ಬಣ್ಣ ನೋಡಿ ಕೊಳ್ಳಿ ಎಂದು ಬರೆಯುತ್ತೀರಿ. ಈ ಎರಡು ಗಂಟೆಯ ಲೆಕ್ಕವನ್ನೂ ಅಲ್ಲೇ ಹಾಕಿ. ಹುಡುಗ ಮರುದಿನ ಎದ್ದವನೇ ಗಿರ್ಮಿಟ್ ಕೇಳಿದ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ಹುಬ್ಬಳ್ಳಿ